ನನ್ನ ಥ್ರಿಲ್ಲರ್‌ನ ‘ಮೂಗುದಾರ’ಕ್ಕೆ ನಾನೇ ಬರ್ದಿರೋ ರಿವ್ಯೂ: ಐದಕ್ಕೆ ಎರಡೂವರೆ ಸ್ಟಾರ್

ಮೊದಲೇ ಹೇಳ್ಬಿಡ್ತೀನಿ, ಈ ಪ್ರಾಡಕ್ಟ್ ಯಾವ ಅಂಗಡೀಲೂ ಸಿಗಲ್ಲ, ಆನ್‌ಲೈನಲ್ಲೂ ಇಲ್ಲ, ಹುಡುಕೋಕೆ ಹೋಗ್ಬೇಡಿ. ಎರಡು ವರ್ಷದಿಂದ ಒಂದು ಥ್ರಿಲ್ಲರ್ ಕಾದಂಬರಿ ಬರೀತಾ ಇದೀನಿ, ಅದ್ರಲ್ಲಿ ಮಿಲಿಟರಿ ಡ್ರೋನ್ ಹಾರ್ಸೋ ಪೈಲಟ್‌ಗಳ ಕೈಗೆ ಕಟ್ಟೋ ಒಂದು ಸೆಕ್ಯುರಿಟಿ ಡಿವೈಸ್ ಬರುತ್ತೆ, ಅದು ಹುಟ್ಟಿದ್ದೂ ಬೆಳೆದಿದ್ದೂ ನನ್ನ ತಲೇಲೇ. ಕಾದಂಬರಿ ಒಳಗೆ ಅದಕ್ಕೊಂದು ಮೈಲುದ್ದದ ಸರ್ಕಾರಿ ಹೆಸರಿದೆ, ಆದ್ರೆ ಪೈಲಟ್‌ಗಳು ಬೈಕೊಂಡು ಕರೆಯೋದು ‘ಮೂಗುದಾರ’ ಅಂತ. ಬರ್ದಾಗ ನಂಗೆ ಎಷ್ಟು ಖುಷಿಯಾಗಿತ್ತು ಅಂದ್ರೆ ಇದನ್ನ ಪೇಟೆಂಟ್ ಮಾಡ್ಸಿಬಿಡೋಣ್ವಾ ಅಂತ ಒಂದು ರಾತ್ರಿ ಸೀರಿಯಸ್ಸಾಗಿ ಯೋಚ್ನೆ ಮಾಡಿದ್ದೆ.

ಆಮೇಲೆ ಡ್ರಾಫ್ಟ್‌ನ ಇಬ್ಬರಿಗೆ ಕೊಟ್ಟೆ. ಒಬ್ಬ ಕಾಲೇಜ್ ಟೈಮ್ ಗೆಳೆಯ, ಒಂದು ಕಂಪನೀಲಿ ಸೆಕ್ಯುರಿಟಿ ಟೀಮಲ್ಲಿ ಇದಾನೆ, ಪಾಸ್‌ವರ್ಡ್ ಚೇಂಜ್ ಮಾಡಿ ಅಂತ ಎಲ್ಲರ ತಲೆ ತಿನ್ನೋದೇ ಅವನ ಕೆಲಸ. ಇನ್ನೊಬ್ಬಳು ನಮ್ಮ ದೊಡ್ಡಮ್ಮನ ಮಗಳು, ನಂಗೆ ಅಕ್ಕ ಆಗ್ಬೇಕು, ಆಸ್ಪತ್ರೇಲಿ ಇಸಿಜಿ ತೆಗೀತಾಳೆ. ಇಬ್ಬರೂ ಕಥೆ ಚೆನ್ನಾಗಿದೆ ಅಂದ್ರು, ಡಿವೈಸ್‌ನ ಮಾತ್ರ ಎಳೆ ಎಳೆಯಾಗಿ ಬಿಡಿಸಿ ಹಾಕಿದ್ರು. ಕೊನೆಗೆ ಗೆಳೆಯ ಅಂದ, “ಲೋ, ಇಯರ್‌ಫೋನಿಗೂ ಪವರ್ ಬ್ಯಾಂಕಿಗೂ ಎರಡೆರಡು ಪುಟ ರಿವ್ಯೂ ಬರೀತೀಯಲ್ಲ, ನಿನ್ನದೇ ಮಾಲಿಗೂ ಒಂದು ಬರಿ, ಆವಾಗ ಗೊತ್ತಾಗುತ್ತೆ.” ಸರಿ, ಬರೀತಿದೀನಿ.

ಏನಿದು ಅಂತ ಮೊದ್ಲು ಹೇಳ್ತೀನಿ. ಎಡಗೈ ಮಣಿಕಟ್ಟಿಗೆ ಹಾಕೋ ಪಟ್ಟಿ, ಎರಡು ಬೆರಳಗಲ, ಮೇಲೆ ಮಸಿಬಣ್ಣದ ಲೋಹದ ಬಿಲ್ಲೆ, ಬಿಲ್ಲೆ ಮೇಲೆ ಸ್ಕ್ರೀನ್ ಗೀನ್ ಏನೂ ಇಲ್ಲ, ಸಾಸಿವೆ ಕಾಳಷ್ಟು ಒಂದು ದೀಪ, ಅಷ್ಟೇ. ಹಸಿರು ಅಂದ್ರೆ ಎಲ್ಲ ಸರಿ, ಹಳದಿ ಅಂದ್ರೆ ಅನುಮಾನ, ಕೆಂಪು ಅಂದ್ರೆ ಕ್ಷಿಪಣಿಗೆ ಬೀಗ, ಬಿಡೋಕಾಗಲ್ಲ. ಕೆಲಸ ಮೂರು. ಒಂದು, ಪೈಲಟ್‌ನ ಎದೆಬಡಿತದ ಇಸಿಜಿ ಓದಿ ಇವನು ಅವನೇನಾ ಅಂತ ಐದು ಸೆಕೆಂಡಿಗೊಂದ್ಸಲ ಚೆಕ್ ಮಾಡೋದು. ಎರಡು, ಕುರ್ಚಿಯಿಂದ ಒಂದೂವರೆ ಮೀಟರ್ ದೂರ ಹೋದ್ರೆ ಕನ್ಸೋಲ್, ಅಂದ್ರೆ ಡ್ರೋನ್ ಓಡ್ಸೋ ಮೇಜು, ಲಾಕ್. ಮೂರು, ಯಾರಾದ್ರೂ ತಲೆಗೆ ಗನ್ ಇಟ್ಟು ‘ಹೊಡಿ’ ಅಂದ್ರೆ, ಹೆಬ್ಬೆರಳಲ್ಲಿ ಬಿಲ್ಲೆ ಅಂಚನ್ನ ಮೂರ್ಸಲ ಒತ್ತಿದ್ರೆ ಆಯ್ತು, ಸ್ಕ್ರೀನ್ ಮೇಲೆ ಎಲ್ಲ ಮಾಮೂಲಿ ತರ ಕಾಣ್ಸುತ್ತೆ, ಆದ್ರೆ ಟ್ರಿಗರ್ ಎಳೆದ್ರೂ ಆಜ್ಞೆ ವಿಮಾನಕ್ಕೆ ಹೋಗಲ್ಲ. ಬ್ಯಾಟರಿ ಒಂದು ಶಿಫ್ಟಿಗೆ ಸಾಕು, ಬ್ಯಾಟರಿ ವಿಷಯ ಆಮೇಲೆ ಬರುತ್ತೆ, ಅದ್ರದ್ದೇ ಒಂದು ಕಥೆ.

ಕಥೆ ನಡೆಯೋದು ಅಮೆರಿಕದ ನೆವಾಡಾದಲ್ಲಿ, ಕ್ರೀಚ್ ಏರ್‌ಫೋರ್ಸ್ ಬೇಸಲ್ಲಿ. ಲಾಸ್ ವೇಗಸ್‌ನಿಂದ ವಾಯವ್ಯಕ್ಕೆ 70 ಕಿಲೋಮೀಟರ್ ಚಿಲ್ಲರೆ, ಮರುಭೂಮಿ. ಅಲ್ಲಿ ಕೂತು ಭೂಮಿಯ ಆ ಕಡೆ ಹಾರ್ತಿರೋ ಎಂಕ್ಯೂ-9 ರೀಪರ್ ಓಡಿಸ್ತಾರೆ. ರೀಪರ್ ಅಂದ್ರೆ ಆಟದ ಡ್ರೋನ್ ಅಲ್ಲ ಸ್ವಾಮಿ, ರೆಕ್ಕೆ ತುದಿಯಿಂದ ತುದಿಗೆ 20 ಮೀಟರ್, ಒಂದ್ಸಲ ಎದ್ರೆ ಒಂದು ಹಗಲು ಒಂದು ರಾತ್ರಿ ಇಳಿಯೋದೇ ಬೇಡ. ಪೈಲಟ್ ಶಿಫ್ಟ್ ಮುಗ್ಸಿ ಕಾರ್ ಹತ್ತಿ ಮನೆಗೆ ಹೋಗ್ತಾನೆ, ಹೆಂಡ್ತಿ ಮಕ್ಕಳ ಜೊತೆ ಊಟ ಮಾಡ್ತಾನೆ. ನನ್ನ ಕಥೆ ಹುಟ್ಟಿದ್ದೇ ಅಲ್ಲಿಂದ: ವಿಮಾನ ಸಾವಿರಾರು ಕಿಲೋಮೀಟರ್ ದೂರದಲ್ಲಿದೆ, ಅದನ್ನ ಹಿಡಿಯೋಕಾಗಲ್ಲ, ಆದ್ರೆ ಅದನ್ನ ಓಡ್ಸೋನು ದಿನಾ ಸಂಜೆ ಹೆದ್ದಾರೀಲಿ ಒಬ್ಬನೇ ಕಾರಲ್ಲಿ ಹೋಗ್ತಾನಲ್ಲ, ಅವನನ್ನ ಹಿಡಿದ್ರೆ? ಅದಕ್ಕೆ ಉತ್ತರವಾಗಿ ಸರ್ಕಾರ ಕಟ್ಟೋದು ಈ ಮೂಗುದಾರ. ಐಡಿಯಾ ಮಟ್ಟದಲ್ಲಿ ನಾನು ಈಗ್ಲೂ ಇದಕ್ಕೆ ಐದಕ್ಕೈದು ಕೊಡ್ತೀನಿ, ಮುಂದೆ ಬೈಯೋದಿದೆ ಅದಕ್ಕೆ ಇಲ್ಲೇ ಹೊಗಳಿಬಿಟ್ಟಿದೀನಿ.

ಎದೆಬಡಿತ ಯಾಕೆ ಆರಿಸಿಕೊಂಡೆ ಅಂದ್ರೆ, ಬೆರಳಚ್ಚು ನಂಗೆ ಬೇಡವಾಗಿತ್ತು. 2005ರಲ್ಲಿ ಮಲೇಷ್ಯಾದಲ್ಲಿ ಬೆರಳಚ್ಚಿನ ಲಾಕ್ ಇರೋ ಒಂದು ದುಬಾರಿ ಕಾರನ್ನ ಕದಿಯೋಕೆ ಬಂದೋರು ಓನರ್ ಬೆರಳನ್ನೇ ಕತ್ತರಿಸ್ಕೊಂಡು ಹೋದ ಸುದ್ದಿ ಓದಿದ್ನಲ್ಲ, ಅದು ತಲೆಯಿಂದ ಹೋಗೇ ಇರ್ಲಿಲ್ಲ. ಇನ್ನೊಂದು, 2015ರಲ್ಲಿ ಅಮೆರಿಕ ಸರ್ಕಾರದ ನೌಕರರ ದಾಖಲೆ ಇಡೋ ಆಫೀಸಿಗೇ ಕನ್ನ ಬಿತ್ತು, 56 ಲಕ್ಷ ಜನರ ಬೆರಳಚ್ಚು ಹೋಯ್ತು. ಪಾಸ್‌ವರ್ಡ್ ಕಳುವಾದ್ರೆ ಬದಲಾಯಿಸ್ಬಹುದು, ಬೆರಳು ಎಲ್ಲಿಂದ ತರ್ತೀರ? ಎದೆಬಡಿತ ಆದ್ರೆ ಕತ್ತರಿಸಿದ ಕೈಯಲ್ಲಿ ಬರಲ್ಲ, ಮನುಷ್ಯ ಬದುಕಿರ್ಬೇಕು, ಅವನೇ ಇರ್ಬೇಕು. ಮತ್ತೆ ಇದು ಪೂರ್ತಿ ಬುರುಡೆ ಅಲ್ಲ, ಹೃದಯದ ಗಾತ್ರ, ಅದು ಎದೆಯೊಳಗೆ ಕೂತಿರೋ ಕೋನ ಎಲ್ಲ ಒಬ್ಬೊಬ್ಬರಿಗೆ ಒಂದೊಂದು ತರ ಇರೋದ್ರಿಂದ ಇಸಿಜಿ ಗೆರೆ ಆಕಾರದಲ್ಲೂ ವ್ಯತ್ಯಾಸ ಇರುತ್ತೆ, ಅದನ್ನ ಗುರುತಿಗೆ ಬಳಸೋ ಪಟ್ಟಿಗಳು ನಿಜ ಪ್ರಪಂಚದಲ್ಲೂ ಬಂದಿವೆ. ಇಷ್ಟೆಲ್ಲ ಓದ್ಕೊಂಡು ಬರ್ದಿದ್ದೆ ಸ್ವಾಮಿ.

ಅಕ್ಕ ಏಳನೇ ಪುಟಕ್ಕೇ ನಿಲ್ಲಿಸಿ ಫೋನ್ ಮಾಡಿದ್ಲು. “ಒಂದೇ ಕೈಯಲ್ಲಿ ಇಸಿಜಿ ಹೆಂಗೋ ಬರುತ್ತೆ?”

ನಾನು ಪಟ್ಟಿ ಇದ್ಯಲ್ಲಕ್ಕ ಅಂದೆ. ಅವಳು ನಕ್ಕು ನಕ್ಕು ಆಮೇಲೆ ಹೇಳಿದ್ಲು, ಇಸಿಜಿ ಅಂದ್ರೆ ಎರಡು ಜಾಗದ ನಡುವಿನ ವೋಲ್ಟೇಜ್ ವ್ಯತ್ಯಾಸ, ಹೃದಯ ಆ ಎರಡು ಜಾಗದ ಮಧ್ಯೆ ಬರ್ಬೇಕು, ಅದಕ್ಕೇ ಈ ಕೈಗೊಂದು ಕ್ಲಿಪ್ ಆ ಕೈಗೊಂದು ಕ್ಲಿಪ್ ಹಾಕೋದು. ಸ್ಮಾರ್ಟ್ ವಾಚಲ್ಲಿ ಇಸಿಜಿ ತೆಗಿಯೋವಾಗ ಇನ್ನೊಂದು ಕೈ ಬೆರಳನ್ನ ವಾಚಿನ ಗುಂಡಿ ಮೇಲೆ ಇಡು ಅಂತ ಯಾಕೆ ಕೇಳುತ್ತೆ ಅಂದ್ಕೊಂಡಿದ್ದೆ, ಶೋಕಿಗಾ? ಆ ಬೆರಳಿಟ್ಟಾಗಲೇ ಎಡಗೈ, ಎದೆ, ಬಲಗೈ ಸೇರಿ ಸರ್ಕ್ಯೂಟ್ ಪೂರ್ತಿ ಆಗೋದು. ಒಂದೇ ಮಣಿಕಟ್ಟಲ್ಲಿ ಹಸಿರು ಬೆಳಕು ಬಿಟ್ಟು ನಾಡಿ ಎಣಿಸ್ಬಹುದು, ಇಸಿಜಿ ಗೆರೆ ಮಾತ್ರ ಬರಲ್ಲ. ನಂಗೆ ಆ ಕ್ಷಣ ಹೆಂಗಾಯ್ತು ಅಂದ್ರೆ, ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆದಾಗ ಬಂದೋರು ಬಾಗಿಲೆಲ್ಲಿ ಅಂತ ಕೇಳಿದ ಹಾಗೆ.

ಸಂಜೆ ಅವಳೇ ಒಂದು ದಾರಿ ತೋರ್ಸಿದ್ಲು. ಪೈಲಟ್ ಎಡಗೈ ವೇಗದ ಹಿಡಿ ಥ್ರಾಟಲ್ ಮೇಲೆ, ಬಲಗೈ ವಿಮಾನ ತಿರುಗ್ಸೋ ಸ್ಟಿಕ್ ಮೇಲೆ ಇರುತ್ತೆ ಅಂತ ನೀನೇ ಬರ್ದಿದೀಯಲ್ಲ, ಎರಡರ ಹಿಡಿಗೂ ಒಂದೊಂದು ಲೋಹದ ತುಂಡು ಅಂಟಿಸು, ಪಟ್ಟಿನೇ ಬೇಡ. ಅಬ್ಬಾ ಅಂದ್ಕೊಂಡೆ. ಆ ಖುಷಿ ಅರ್ಧ ಗಂಟೆ ಇತ್ತು, ಯಾಕಂದ್ರೆ ರೀಪರ್ ಹೆಚ್ಚಿನ ಹೊತ್ತು ಆಟೋಪೈಲಟ್ ಮೇಲೇ ಸುತ್ತು ಹೊಡೀತಿರುತ್ತೆ, ಪೈಲಟ್ ಕೈ ಕೀಬೋರ್ಡ್ ಮೇಲೋ ಮೌಸ್ ಮೇಲೋ ಕಾಫಿ ಕಪ್ ಮೇಲೋ ಇರುತ್ತೆ. ಐದು ಸೆಕೆಂಡಿಗೊಂದ್ಸಲ ಚೆಕ್ ಮಾಡೋಕೆ ಕೈಯೇ ಇಲ್ಲ ಅಲ್ಲಿ.

ಆ ಐದು ಸೆಕೆಂಡೂ ನನ್ನದೇ ಮೂರ್ಖತನ, ಗೆಳೆಯ ಲೆಕ್ಕ ಹಾಕಿ ತೋರ್ಸಿದ. ಸಾವಿರಕ್ಕೆ ಒಂದೇ ಒಂದ್ಸಲ ತಪ್ಪು ಮಾಡುತ್ತೆ ಅಂತ ಕಾದಂಬರೀಲಿ ಜಂಬದಿಂದ ಬರ್ದಿದ್ದೆ, ಅಂದ್ರೆ ಸರಿಯಾದ ಪೈಲಟ್‌ನ ‘ಇವನು ಯಾರೋ’ ಅನ್ನೋದು ಸಾವಿರದಲ್ಲಿ ಒಂದ್ಸಲ. ಎಂಟು ಗಂಟೆ ಶಿಫ್ಟಲ್ಲಿ ಐದು ಸೆಕೆಂಡಿಗೊಂದು ಅಂದ್ರೆ 5,760 ಚೆಕ್. ಅಂದ್ರೆ ದಿನಾ ಐದಾರು ಸಲ, ಪ್ರತಿ ಪೈಲಟ್‌ಗೂ, ಸುಮ್ಸುಮ್ನೆ ಕೆಂಪು ದೀಪ. ಒಂದು ವಾರದಲ್ಲಿ ಅವ್ರೆಲ್ಲ ಸೇರಿ ಆ ಪಟ್ಟಿನ ಆಫ್ ಮಾಡೋ ಉಪಾಯ ಕಂಡುಹಿಡೀತಾರೆ ನೋಡ್ತಿರು ಅಂದ. ಸರಿ, ಮೂರ್ಸಲ ಸತತವಾಗಿ ಫೇಲ್ ಆದ್ರೆ ಮಾತ್ರ ಲಾಕ್ ಅಂತ ಬದಲಾಯಿಸ್ತೀನಿ ಬಿಡು ಅಂದೆ, ಲೆಕ್ಕದಲ್ಲಿ ಅದು ಚೆನ್ನಾಗೇ ಬರುತ್ತೆ, ಸಾವಿರ ಗುಣಿಸು ಸಾವಿರ ಗುಣಿಸು ಸಾವಿರ. ಅದಕ್ಕೂ ಅಕ್ಕ ಕಲ್ಲು ಹಾಕಿದ್ಲು: ಗಾಬರಿ ಆದಾಗ ತಪ್ಪು ಒಂದೊಂದಾಗಿ ಬರಲ್ಲ, ಗುಂಪಾಗಿ ಬರುತ್ತೆ. ಬಡಿತ ನಿಮಿಷಕ್ಕೆ 60 ಇದ್ದಿದ್ದು 120 ಆದ್ರೆ ಒಂದು ಬಡಿತಕ್ಕೆ ಸಿಗೋ ಸಮಯ ಒಂದು ಸೆಕೆಂಡಿಂದ ಅರ್ಧಕ್ಕೆ ಇಳಿಯುತ್ತೆ, ಗೆರೆ ಹಿಂಡ್ಕೊಳ್ಳುತ್ತೆ, ಕೊನೇ ಅಲೆ ಮುಂದಿನ ಬಡಿತದ ಮೊದಲನೇ ಅಲೆ ಮೈಮೇಲೆ ಬಂದು ಕೂರುತ್ತೆ. ಸುಮ್ನೆ ಕೂತಿದ್ದಾಗ ತೆಗೆದಿಟ್ಟ ನಮೂನೆ ಜೊತೆ ಅದನ್ನ ಹೋಲ್ಸಿದ್ರೆ ಮೂರಲ್ಲ, ಮೂವತ್ಸಲ ಸತತ ಫೇಲ್ ಆಗುತ್ತೆ. ಅಂದ್ರೆ ನನ್ನ ಡಿವೈಸು ಪೈಲಟ್ ಆಕಳಿಸ್ತಾ ಕೂತಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತೆ, ಕೈ ನಡುಗೋ ಹೊತ್ತಲ್ಲಿ ಕೈ ಕೊಡುತ್ತೆ. ಪ್ರಾಡಕ್ಟ್ ಅಂತ ನೋಡಿದ್ರೆ ಒಂದು ಸ್ಟಾರ್ ಇಲ್ಲೇ ಹೋಯ್ತು. ಕಥೆ ಅಂತ ನೋಡಿದ್ರೆ ನಂಗೆ ಇದು ಬಂಪರ್, ಅದನ್ನ ಆಮೇಲೆ ಹೇಳ್ತೀನಿ.

ಇನ್ನು ವೈರ್‌ಲೆಸ್ ವಿಷಯ. ಪಟ್ಟಿಯಿಂದ ಕನ್ಸೋಲಿಗೆ ಬ್ಲೂಟೂತ್ ತರದ್ದೇ ಏನೋ ಒಂದು ಅಂತ ಬರ್ದಿದ್ದೆ. ಗೆಳೆಯ ಆ ಸಾಲಿಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಬರೀ “ಥೂ” ಅಂತ ಬರ್ದಿದ್ದ. ರಹಸ್ಯ ಕೆಲಸ ನಡಿಯೋ ಅಂಥ ಕೋಣೆಗಳಿಗೆ ಫೋನ್ ತಗೊಂಡು ಹೋಗೋ ಹಾಗಿಲ್ಲ, ಸ್ಮಾರ್ಟ್ ವಾಚ್ ಹಾಕ್ಕೊಂಡು ಹೋಗೋ ಹಾಗಿಲ್ಲ, ಎಲ್ಲ ಹೊರಗಿನ ಲಾಕರಲ್ಲಿ. ಅಲ್ಲಿಗೆ ನಾನು ರೇಡಿಯೋ ಬಿಡೋ ಪಟ್ಟಿನ ಸರ್ಕಾರದ ಖರ್ಚಲ್ಲೇ ಕೈಗೆ ಕಟ್ಟಿ ಕಳಿಸ್ತಿದೀನಿ. 2018ರ ಜನವರೀಲಿ ಏನಾಯ್ತು ನೆನಪಿದ್ಯಾ, ಸ್ಟ್ರಾವಾ ಅನ್ನೋ ಫಿಟ್‌ನೆಸ್ ಆ್ಯಪ್‌ನ ಭೂಪಟದಲ್ಲಿ ಸೈನಿಕರು ಜಾಗಿಂಗ್ ಮಾಡಿದ ದಾರಿಗಳೆಲ್ಲ ಹೊಳೀತಾ ಕೂತಿದ್ವು, ಮರುಭೂಮಿ ಮಧ್ಯೆ ಕತ್ತಲಲ್ಲಿ ಒಂದು ಬೆಳಕಿನ ಚೌಕ ಕಂಡ್ರೆ ಅದು ಸೇನಾ ನೆಲೆ ಅಂತ ಮಕ್ಕಳೂ ಹೇಳಬಹುದಿತ್ತು. ಅದೇ ವರ್ಷ ಆಗಸ್ಟಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ನು ಕಾರ್ಯಾಚರಣೆ ನಡಿಯೋ ಜಾಗಗಳಲ್ಲಿ ಸ್ಥಳ ತೋರ್ಸೋ ಫೀಚರ್ ಇರೋ ಉಪಕರಣ ಬಳಸೋದನ್ನೇ ನಿಷೇಧ ಮಾಡ್ತು. ಕಾಯೋಕೆ ಅಂತ ಕಟ್ಟಿದ ಪಟ್ಟಿನೇ ‘ಇಲ್ಲಿದಾನೆ ಇಲ್ಲಿದಾನೆ’ ಅಂತ ಕೂಗಿದ್ರೆ ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಇನ್ನರ್ಧ ಸ್ಟಾರ್ ಹೋಯ್ತು.

ಒಂದೂವರೆ ಮೀಟರ್ ಲಾಕ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೊದಲ ಡ್ರಾಫ್ಟಲ್ಲಿ ಪೈಲಟ್‌ನ ಕುರ್ಚಿಯಿಂದ ಎಳೆದ ತಕ್ಷಣ ವಿಮಾನ ಆಕಾಶದಿಂದ ಕಲ್ಲು ಬಿದ್ದ ಹಾಗೆ ಬೀಳುತ್ತೆ, ಸಿನಿಮಾ ತರ. ಹಂಗೇನೂ ಆಗಲ್ಲ. ಸಂಪರ್ಕ ತಪ್ಪಿದ್ರೆ ರೀಪರ್ ಮೊದಲೇ ತುಂಬಿಟ್ಟಿರೋ ದಾರಿ ಹಿಡಿದು ತನ್ನ ಪಾಡಿಗೆ ತಾನು ಹಾರ್ತಾ ಇರುತ್ತೆ, ಲಿಂಕ್ ಮತ್ತೆ ಸಿಗ್ಲಿ ಅಂತ ಕಾಯುತ್ತೆ. ಆದ್ರೆ 2009ರ ಸೆಪ್ಟೆಂಬರಲ್ಲಿ ಅಫ್ಘಾನಿಸ್ತಾನದ ಮೇಲೆ ಒಂದು ರೀಪರ್ ಹಿಡಿತ ತಪ್ಪಿ, ಮಾತು ಕೇಳದೆ ಗಡಿ ಕಡೆ ಹೊರಟಾಗ ಅಮೆರಿಕದವರೇ ಒಂದು ಎಫ್-15 ಯುದ್ಧವಿಮಾನ ಕಳ್ಸಿ ಅದನ್ನ ಹೊಡೆದು ಬೀಳ್ಸಿದ್ರು. ಇದು ಓದಿದ ಮೇಲೆ ನನ್ನ ಕಲ್ಲು ಬೀಳೋ ಸೀನ್ ನಂಗೇ ಸಪ್ಪೆ ಅನ್ನಿಸ್ತು. ತಮ್ಮದೇ ವಿಮಾನ, ತಮ್ಮದೇ ಇನ್ನೊಂದು ವಿಮಾನ ಬೆನ್ನು ಹತ್ತಿ ಹೋಗೋದು, ಅದ್ರಲ್ಲಿ ಸಾಯೋರು ಯಾರೂ ಇಲ್ಲ, ಆದ್ರೂ ಓದ್ತಾ ಓದ್ತಾ ಹೊಟ್ಟೆ ಒಂತರ ಆಗುತ್ತೆ.

ಈಗ ಮೂರನೇ ಕೆಲಸ, ಒತ್ತಾಯದ ಗುಟ್ಟಿನ ಗುಂಡಿ. ಇದು ನನ್ನ ಕಾದಂಬರಿಯ ಹೃದಯ, ಹಿಂದಿನ ಮುಚ್ಚಳದ ಮೇಲೆ ಹಾಕ್ಬೇಕು ಅಂತಿದ್ದ ಸಾಲು. ಐಡಿಯಾ ಎಲ್ಲಿಂದ ಬಂತು ಗೊತ್ತಾ, ವಾಟ್ಸಾಪಲ್ಲಿ ಎಲ್ಲರಿಗೂ ಬಂದಿರುತ್ತಲ್ಲ, ಕಳ್ಳ ಎಟಿಎಂಗೆ ಎಳ್ಕೊಂಡು ಹೋದ್ರೆ ಪಿನ್ ನಂಬರ್ ಉಲ್ಟಾ ಒತ್ತಿ, ದುಡ್ಡೂ ಬರುತ್ತೆ ಪೊಲೀಸ್ರೂ ಬರ್ತಾರೆ ಅಂತ, ಅದ್ರಿಂದ. ಅದು ಅಪ್ಪಟ ಸುಳ್ಳು, ಎಟಿಎಂಗಳಲ್ಲಿ ಹಂಗೆ ಏನೂ ಇಲ್ಲ, 2112 ಅಂತ ಪಿನ್ ಇಟ್ಕೊಂಡಿರೋನು ಉಲ್ಟಾ ಒತ್ತಿದ್ರೂ ಅದೇ ಬರುತ್ತೆ ಪಾಪ. ಆದ್ರೆ ಮನೆ ಅಲಾರಂಗಳಲ್ಲಿ ಮಾತ್ರ ಇಂಥದ್ದು ನಿಜವಾಗ್ಲೂ ಇರುತ್ತೆ, ಎರಡನೇ ಒಂದು ಕೋಡ್ ಒತ್ತಿದ್ರೆ ಅಲಾರಂ ನಿಂತ ಹಾಗೆ ಕಾಣ್ಸುತ್ತೆ, ಒಳಗಿಂದ ಸುದ್ದಿ ಹೋಗುತ್ತೆ.

ತೊಂದ್ರೆ ಏನಪ್ಪಾ ಅಂದ್ರೆ ಈ ಗುಟ್ಟು ಗುಟ್ಟಾಗಿ ಇರೋವರೆಗೆ ಮಾತ್ರ ಗುಟ್ಟು. ಬಲವಂತ ಮಾಡೋಕೆ ಬಂದೋನಿಗೆ ‘ಹೆಬ್ಬೆರಳು ಮೂರ್ಸಲ’ ಅನ್ನೋದು ಗೊತ್ತಿದ್ರೆ ಅವನು ಮೊದಲು ಹಿಡ್ಕೊಳ್ಳೋದೇ ಹೆಬ್ಬೆರಳನ್ನ. ಅವನಿಗೆ ಹೆಂಗೆ ಗೊತ್ತಾಗುತ್ತೆ, ಅದು ಟಾಪ್ ಸೀಕ್ರೆಟ್ ಅಲ್ವಾ ಅಂತ ನಾನು ವಾದ ಮಾಡಿದೆ. ಗೆಳೆಯ ಏನೂ ಮಾತಾಡದೆ 2018ರ ಜುಲೈ ತಿಂಗಳ ಒಂದು ಸುದ್ದಿ ಕಳ್ಸಿದ. ಇದೇ ರೀಪರ್‌ನ ರಿಪೇರಿ ಕೈಪಿಡಿಗಳು ಇಂಟರ್ನೆಟ್ಟಿನ ಕಳ್ಳಸಂತೆ ಡಾರ್ಕ್ ವೆಬ್ಬಲ್ಲಿ ಮಾರಾಟಕ್ಕೆ, ರೇಟು 150ರಿಂದ 200 ಡಾಲರ್. ಕದ್ದೋನು ಯಾವ ಮಹಾ ತಂತ್ರಜ್ಞನೂ ಅಲ್ಲ, ಕಂಪನಿಯಿಂದ ಬಂದಾಗ ಇರೋ ಡಿಫಾಲ್ಟ್ ಪಾಸ್‌ವರ್ಡನ್ನ ಬದಲಾಯಿಸದೇ ಬಿಟ್ಟಿರೋ ರೌಟರ್‌ಗಳನ್ನ ಇಂಟರ್ನೆಟ್ಟಲ್ಲಿ ಹುಡುಕ್ತಾ ಹೋಗಿದಾನೆ, ಹಂಗೆ ಸಿಕ್ಕಿದ್ದು ಕ್ರೀಚ್‌ನ ಒಬ್ಬ ಕ್ಯಾಪ್ಟನ್‌ನ ಕಂಪ್ಯೂಟರ್. ಇದಕ್ಕಿಂತ ಮಜಾ ಏನು ಗೊತ್ತಾ, ಕದ್ದ ಫೈಲುಗಳ ನಡುವೆ ಆ ಕ್ಯಾಪ್ಟನ್ ಸೈಬರ್ ಜಾಗೃತಿ ತರಬೇತಿ ಪಾಸ್ ಮಾಡಿದ ಸರ್ಟಿಫಿಕೇಟೂ ಇತ್ತಂತೆ. ನಾನು ಇಂಥದ್ದು ಕಾದಂಬರೀಲಿ ಬರ್ದಿದ್ರೆ ‘ಇದು ಅತಿ ಆಯ್ತು’ ಅಂತ ಓದುಗರು ಪುಸ್ತಕ ಎಸೀತಿದ್ರು.

ಅಂದ್ರೆ ಮೂಗುದಾರದ ಕೈಪಿಡಿನೂ ಯಾರದೋ ಮನೆ ರೌಟರಲ್ಲಿ ಇರುತ್ತೆ ಅಂತ ಅವನ ಮಾತು. ನಂಗೆ ಉತ್ತರ ಇರ್ಲಿಲ್ಲ. ಅದೇ ಬಿಸೀಲಿ ಇನ್ನೆರಡು ಹೇಳ್ದ. 2009ರಲ್ಲಿ ಇರಾಕಿನ ಬಂಡುಕೋರರು ಪ್ರಿಡೇಟರ್ ಅನ್ನೋ ಹಳೇ ಡ್ರೋನ್ ಕಳಿಸೋ ವಿಡಿಯೋನ 26 ಡಾಲರಿನ ಒಂದು ಸಾಫ್ಟ್‌ವೇರ್ ಹಾಕ್ಕೊಂಡು ಲ್ಯಾಪ್‌ಟಾಪಲ್ಲಿ ಆರಾಮಾಗಿ ನೋಡ್ತಿದ್ರು ಅನ್ನೋದು ಬಯಲಾಯ್ತು, ಯಾಕಂದ್ರೆ ಆ ವಿಡಿಯೋಗೆ ಗೂಢಲಿಪಿನೇ ಹಾಕಿರ್ಲಿಲ್ಲ. 2011ರಲ್ಲಿ ಕ್ರೀಚ್‌ನ ಕಂಪ್ಯೂಟರ್‌ಗಳಿಗೇ ವೈರಸ್ ಹೊಕ್ಕಿತ್ತು, ಹಾರಾಟಕ್ಕೇನೂ ತೊಂದ್ರೆ ಆಗಿಲ್ಲ ಅಂತ ಏರ್‌ಫೋರ್ಸ್ ಹೇಳ್ತು, ಸರಿ, ಆದ್ರೆ ಹೊಕ್ಕಿದ್ದಂತೂ ಹೊಕ್ಕಿತ್ತು. ಇವೆಲ್ಲದರಲ್ಲಿ ಪೈಲಟ್‌ನ ಮಣಿಕಟ್ಟು ಎಲ್ಲಿ ಬರುತ್ತೆ? ಎಲ್ಲೂ ಇಲ್ಲ. ಮುಂಬಾಗ್ಲಿಗೆ ಏಳು ಬೀಗ ಹಾಕಿ ಹಿತ್ತಲ ಬಾಗ್ಲು ಹಾರು ಹೊಡೆದಿರೋ ಮನೆ ಇದು, ನಾನು ಎಂಟನೇ ಬೀಗ ಮಾಡ್ತಾ ಕೂತಿದೀನಿ.

ಆದ್ರೂ ನನ್ನ ಡಿವೈಸ್‌ನ ನಿಜವಾಗ್ಲೂ ಸಾಯ್ಸಿದ್ದು ಇವ್ಯಾವೂ ಅಲ್ಲ, ಪಕ್ಕದ ಕುರ್ಚಿ. ರೀಪರ್ ಕೋಣೇಲಿ ಪೈಲಟ್ ಒಬ್ಬನೇ ಇರಲ್ಲ. ಎಡಗಡೆ ಪೈಲಟ್, ಬಲಗಡೆ ಸೆನ್ಸರ್ ಆಪರೇಟರ್, ಕ್ಯಾಮೆರಾ ಮತ್ತೆ ಲೇಸರ್ ಅವರ ಕೈಯಲ್ಲಿ. ಪೈಲಟ್ ಟ್ರಿಗರ್ ಎಳೆದು ಹೆಲ್‌ಫೈರ್ ಕ್ಷಿಪಣಿ ಬಿಟ್ರೂ ಅದು ಹೋಗೋದು ಲೇಸರ್ ಚುಕ್ಕೆ ಎಲ್ಲಿದೆಯೋ ಅಲ್ಲಿಗೆ, ತಲುಪೋವರೆಗೆ ಆ ಚುಕ್ಕೆನ ಅಲ್ಲಾಡದೆ ಹಿಡಿದಿರ್ಬೇಕು. ನನ್ನ ಕಾದಂಬರೀಲಿ ಆ ಬಲಗಡೆ ಕುರ್ಚೀಲಿ ಒಬ್ಬಳು ಹುಡುಗಿ ಇದಾಳೆ, ಇಪ್ಪತ್ಮೂರು ವರ್ಷ, ಚೂಯಿಂಗ್ ಗಮ್ ಅಗೀತಿರ್ತಾಳೆ, ಮೊದಲ ಡ್ರಾಫ್ಟಲ್ಲಿ ಅವಳಿಗೆ ಎಲ್ಲ ಸೇರಿ ಹನ್ನೊಂದು ಡೈಲಾಗ್. ಗೆಳೆಯ ಕೇಳಿದ, “ನಿನ್ನ ಪಟ್ಟಿ ಮಾಡ್ಬೇಕಾಗಿರೋ ಕೆಲಸನ ಅವಳು ಆಗ್ಲೇ ಮಾಡ್ತಿದಾಳಲ್ಲೋ. ಪೈಲಟ್‌ನ ಮುಖ ನೋಡಿ ಏನೋ ಸರಿಯಿಲ್ಲ ಅನ್ನಿಸಿದ್ರೆ ಲೇಸರನ್ನ ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದ್ರೆ ಮುಗೀತು. ಅವಳಿಗೆ ಬ್ಯಾಟರಿ ಬೇಡ, ಇಸಿಜಿ ಬೇಡ.”

ದೊಡ್ಡ ದೊಡ್ಡ ಆಯುಧಗಳಲ್ಲೂ ಇದೇ ಹಳೇ ಉಪಾಯ. ಮಿನಿಟ್‌ಮನ್ ಅಣು ಕ್ಷಿಪಣಿಯ ಕೋಣೇಲಿ ಎರಡು ಬೀಗದಕೈ ತಿರುಗ್ಸೋ ಜಾಗಗಳ ಮಧ್ಯೆ ಹತ್ತಿರ ಹತ್ತಿರ 12 ಅಡಿ ಅಂತರ ಇಟ್ಟಿದಾರೆ, ಒಬ್ಬನೇ ಎಷ್ಟೇ ಕೈ ಚಾಚಿದ್ರೂ ಎರಡನ್ನೂ ಒಟ್ಟಿಗೆ ತಿರುಗ್ಸೋಕಾಗ್ಬಾರ್ದು ಅಂತ. ಚಿಪ್ಪಿಲ್ಲ, ಸೆನ್ಸರ್ ಇಲ್ಲ, ಬರೀ ಅಂತರ. ನಾನು ಮುನ್ನೂರು ಪುಟ ಬರ್ದು ಒಬ್ಬ ಮನುಷ್ಯನೊಳಗೆ ಬೀಗ ಹಾಕೋಕೆ ಹೊರಟಿದ್ದೆ, ಅವರು ಇನ್ನೊಬ್ಬ ಮನುಷ್ಯನ ತಂದು ದೂರ ಕೂರ್ಸಿ ಕೈ ತೊಳ್ಕೊಂಡಿದಾರೆ.

ಇನ್ನೊಂದು ತೂತು ಇದೆ, ಅದನ್ನ ಇಬ್ಬರೂ ಹೇಳ್ಲಿಲ್ಲ, ನಾನೇ ಕಂಡುಹಿಡಿದಿದ್ದು, ಅದಕ್ಕೆ ಸ್ವಲ್ಪ ಹೆಮ್ಮೆಯಿಂದಲೇ ಹೇಳ್ತೀನಿ. ನೆವಾಡಾದಿಂದ ಉಪಗ್ರಹದ ಮೂಲಕ ಆಜ್ಞೆ ಹೋಗಿ ಚಿತ್ರ ವಾಪಸ್ ಬರೋಕೆ ಒಂದೂವರೆ ಎರಡು ಸೆಕೆಂಡ್ ಹಿಡಿಯುತ್ತೆ, ಉಪಗ್ರಹನೇ 36 ಸಾವಿರ ಕಿಲೋಮೀಟರ್ ಮೇಲಿದೆ, ಹೋಗಿ ಬರೋಕೇ ಹತ್ತಿರ ಹತ್ತಿರ ಅರ್ಧ ಸೆಕೆಂಡ್, ಮಿಕ್ಕಿದ್ದು ಮಧ್ಯದ ಉಪಕರಣಗಳ ತಡ. ಅಷ್ಟು ತಡ ಇಟ್ಕೊಂಡು ಕೈಯಲ್ಲೇ ವಿಮಾನ ಇಳ್ಸೋದು ಕಷ್ಟ. ಅದಕ್ಕೆ ಸಾಮಾನ್ಯವಾಗಿ ಏರ್‌ಸ್ಟ್ರಿಪ್ ಹತ್ರ ಇನ್ನೊಂದು ತಂಡ ಇರುತ್ತೆ, ಹಾರ್ಸೋದು ಇಳ್ಸೋದು ಅವರು, ಮೇಲೆ ಹೋದ ಮೇಲೆ ನೆವಾಡಾದವರಿಗೆ ದಾಟಿಸ್ತಾರೆ. ಅಂದ್ರೆ ಒಂದೇ ಹಾರಾಟದಲ್ಲಿ ವಿಮಾನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತೆ, ಮಧ್ಯೆ ಶಿಫ್ಟ್ ಬದಲಾದ್ರೆ ಮತ್ತೊಂದು ಕೈ. ಮೂಗುದಾರ ಯಾರ ಕೈಯಲ್ಲಿರ್ಬೇಕು? ದಾಟಿಸೋ ಆ ಘಳಿಗೇಲಿ ಹಗ್ಗದ ತುದಿ ಯಾರ ಕೈಯಲ್ಲೂ ಇರಲ್ಲ ಅಥವಾ ಇಬ್ಬರ ಕೈಯಲ್ಲೂ ಇರುತ್ತೆ. ನನ್ನ ವಿಲನ್‌ಗೆ ಇದು ಹೊಳೆದೇ ಇಲ್ಲ, ದಡ್ಡ, ಪಾರ್ಕಿಂಗಲ್ಲಿ ಗನ್ ಹಿಡ್ಕೊಂಡು ಕಾಯ್ತಾ ಕೂತಿದಾನೆ.

ಹಂಗಾಗಿ ಎರಡನೇ ಡ್ರಾಫ್ಟಲ್ಲಿ ಡಿವೈಸ್‌ನ ಪೂರ್ತಿ ಬಿಚ್ಚಿ ಕಟ್ಟಿದೆ. ವೈರ್‌ಲೆಸ್ ಹೋಯ್ತು, ವೈರ್ ಬಂತು. ಕಂಪ್ಯೂಟರ್ ರಿಪೇರಿ ಮಾಡೋರು ಮಣಿಕಟ್ಟಿಗೆ ಒಂದು ಪಟ್ಟಿ ಹಾಕ್ಕೊಂಡಿರ್ತಾರಲ್ಲ, ಸುರುಳಿ ಸುರುಳಿ ವೈರ್ ಇರೋದು, ಮೈಮೇಲಿನ ಸ್ಟ್ಯಾಟಿಕ್ ಕರೆಂಟ್ ಚಿಪ್ಪಿಗೆ ಹೊಡೀಬಾರ್ದು ಅಂತ, ಥೇಟ್ ಅದೇ ತರ. ಪಟ್ಟಿ ಎಡಗೈಗೆ, ಇನ್ನೊಂದು ಲೋಹದ ತುಂಡು ಬಲಗೈ ಸ್ಟಿಕ್ ಮೇಲೆ, ಅಕ್ಕ ಹೇಳಿದ ಸರ್ಕ್ಯೂಟ್ ಈಗ ಪೂರ್ತಿ. ಐದು ಸೆಕೆಂಡಿನ ಚೆಕ್ ಇಲ್ಲ, ಟ್ರಿಗರ್ ಮೇಲೆ ಬೆರಳಿಟ್ಟಾಗ ಮಾತ್ರ ಚೆಕ್, ಆವಾಗಂತೂ ಕೈ ಸ್ಟಿಕ್ ಮೇಲೇ ಇರ್ಬೇಕಲ್ಲ. ಗುಟ್ಟಿನ ಗುಂಡಿ ತೆಗೆದೆ, ಎದೆ ಕಲ್ಲು ಮಾಡ್ಕೊಂಡು ತೆಗೆದೆ. ಮೂಗುದಾರ ಅನ್ನೋ ಹೆಸರಿಗೂ ಈಗ ಅರ್ಥ ಬಂತು, ಮೊದಲು ಹೆಸರು ಮಾತ್ರ ಇತ್ತು, ಹಗ್ಗನೇ ಇರ್ಲಿಲ್ಲ.

ವೈರ್ ಹಾಕಿದ್ರೆ ಥ್ರಿಲ್ ಹೋಗುತ್ತೆ ಅಂತ ಭಯ ಇತ್ತು. ಆಗಿದ್ದು ಉಲ್ಟಾ. ಮೊದಲ ಡ್ರಾಫ್ಟಲ್ಲಿ ಪೈಲಟ್ ಎದ್ದು ಹೋದ್ರೆ ಎಲ್ಲೋ ಏನೋ ಲಾಕ್ ಆಗೋದು, ಕಾಣೋಕೂ ಇಲ್ಲ ಕೇಳೋಕೂ ಇಲ್ಲ. ಈಗ ಎದ್ದು ಹೋಗ್ಬೇಕಾದ್ರೆ ಪ್ಲಗ್ ಕಿತ್ಬೇಕು, ಕಿತ್ತಾಗ ಟಕ್ ಅಂತ ಸದ್ದು. ಎಸಿ ಗುಂಯ್ ಅನ್ನೋ ಆ ಕತ್ತಲೆ ಕೋಣೇಲಿ ಆ ಟಕ್ ಅನ್ನೋದು ದಿನಕ್ಕೆ ನಾಲ್ಕೈದು ಸಲ, ಬಾತ್‌ರೂಮಿಗೆ ಹೋಗೋವಾಗ, ಶಿಫ್ಟ್ ಬಿಡೋವಾಗ, ಹುಡುಗಿಗೆ ಅದು ಗಡಿಯಾರದ ಸದ್ದಿನ ಹಾಗೆ ರೂಢಿ ಆಗಿದೆ. ಹದಿನಾಲ್ಕನೇ ಅಧ್ಯಾಯದಲ್ಲಿ ರಾತ್ರಿ ಮೂರು ಗಂಟೆ ಮೇಲೆ, ಮನೆಯಿಂದ ಹೆಂಡ್ತಿ ಮಗುನ ಯಾರೋ ಹಿಡ್ಕೊಂಡಿದಾರೆ ಅಂತ ಪೈಲಟ್‌ಗೆ ಮಾತ್ರ ಗೊತ್ತು. ಅವನು ಸ್ಟಿಕ್ ಮೇಲೆ ಕೈ ಇಡ್ತಾನೆ, ಬೆವರಿಂದ ಲೋಹ ಜಾರುತ್ತೆ, ದೀಪ ಹಳದಿ. ಪ್ಯಾಂಟಿಗೆ ಕೈ ಒರೆಸ್ಕೋತಾನೆ, ಮತ್ತೆ ಇಡ್ತಾನೆ, ಮತ್ತೆ ಹಳದಿ. ಎದೆ ಅವನದೇ, ಪಟ್ಟಿ ಅವನದೇ, ಆದ್ರೆ ಈ ಬಡಿತ ಇವನದಲ್ಲ ಅಂತ ಮಷೀನು ಹಟ ಹಿಡಿದಿದೆ. ಹುಡುಗಿ ಗಮ್ ಅಗಿಯೋದು ನಿಲ್ಲಿಸ್ತಾಳೆ. ಅವಳು ದೀಪ ನೋಡ್ತಿಲ್ಲ, ವೈರ್ ನೋಡ್ತಿದಾಳೆ, ಸುರುಳಿ ಸಣ್ಣಗೆ ನಡುಗ್ತಾ ಇದೆ. ಹದಿನೆಂಟು ತಿಂಗಳು ಅವನ ಪಕ್ಕ ಕೂತಿದಾಳೆ, ಆ ವೈರ್ ಯಾವತ್ತೂ ನಡುಗಿದ್ದು ಕಂಡಿಲ್ಲ. ಅವಳ ಕೈ ನಿಧಾನಕ್ಕೆ ಲೇಸರ್ ಕಂಟ್ರೋಲ್ ಕಡೆ ಹೋಗುತ್ತೆ.

ಡಿವೈಸ್ ಸರಿಯಾಗಿ ಕೆಲಸ ಮಾಡಿದ್ದಿದ್ರೆ ಈ ಸೀನೇ ಇರ್ತಿರ್ಲಿಲ್ಲ. ಅವಳ ಡೈಲಾಗ್ ಈಗ ಹನ್ನೊಂದಲ್ಲ, ಅರವತ್ತು ದಾಟಿದೆ.

ಹಂಗಾದ್ರೆ ರೇಟಿಂಗ್. ಸೇನೆಗೆ ಮಾರೋ ಪ್ರಾಡಕ್ಟ್ ಅಂತ ನೋಡಿದ್ರೆ ಮೊದಲನೇ ವರ್ಶನ್‌ಗೆ ಒಂದು ಸ್ಟಾರ್, ಅದೂ ಬಿಲ್ಲೆ ನೋಡೋಕೆ ಚೆನ್ನಾಗಿದೆ ಅಂತ. ವೈರ್ ವರ್ಶನ್‌ಗೆ ಎರಡೂವರೆ. ಎರಡು ಯಾಕಲ್ಲ ಅಂದ್ರೆ ಬೆರಳು ಕತ್ತರಿಸೋ ಕಳ್ಳನಿಗೆ ಇದು ನಿಜವಾಗ್ಲೂ ಬಗ್ಗಲ್ಲ. ಮೂರು ಯಾಕಲ್ಲ ಅಂದ್ರೆ ಬೆದರಿಕೆಗೆ ಸಿಕ್ಕಿರೋನಿಗೂ ಸುಮ್ನೆ ಗಾಬರಿಯಾಗಿರೋನಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ, ಯುದ್ಧದ ಗಾಬರೀಲಿ ಪ್ರಾಮಾಣಿಕವಾಗಿ ಹೊಡೀಬೇಕಾದ ಪೈಲಟ್‌ಗೂ ಅದೇ ಹಳದಿ ದೀಪ ತೋರ್ಸುತ್ತೆ, ಆವಾಗ ಕೆಳಗೆ ಸಿಕ್ಕಿಹಾಕ್ಕೊಂಡಿರೋ ಸೈನಿಕರ ಗತಿ ಏನು ಅನ್ನೋ ಪ್ರಶ್ನೆಗೆ ನನ್ನತ್ರ ಉತ್ತರ ಇಲ್ಲ. ಇದನ್ನ ಒಬ್ಬ ಕರ್ನಲ್ ಪಾತ್ರದ ಬಾಯಲ್ಲಿ ಹಾಕಿ ಕೈ ತೊಳ್ಕೊಂಡಿದೀನಿ, ಅವನೂ ಉತ್ತರ ಕೊಡಲ್ಲ, ಕೋಪ ಮಾಡ್ಕೊಂಡು ಎದ್ದು ಹೋಗ್ತಾನೆ.

ಥ್ರಿಲ್ಲರ್ ಬರಿಯೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಗ್ಯಾಡ್ಜೆಟ್‌ನ ಮೊದಲು ಒಬ್ಬ ಇಸಿಜಿ ತೆಗಿಯೋರಿಗೋ ಎಲೆಕ್ಟ್ರಿಷಿಯನ್‌ಗೋ ತೋರ್ಸಿ, ಇನ್ನೊಬ್ಬ ರೈಟರ್‌ಗೆ ಮಾತ್ರ ಬೇಡ, ಅವರು ‘ಸೂಪರ್’ ಅಂತಾರೆ ಅಷ್ಟೇ.

ನಿನ್ನೆ ರಾತ್ರಿ ಎಲ್ಲ ಸರಿ ಮಾಡಿ, ಹದಿನಾಲ್ಕನೇ ಅಧ್ಯಾಯ ಗೆಳೆಯನಿಗೆ ಕಳ್ಸಿ, ಈ ರಿವ್ಯೂನೂ ಕಳ್ಸಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಎರಡೇ ಸಾಲು ಮೆಸೇಜ್. “ವೈರ್ ಸೂಪರ್ ಕಣೋ. ಕರೆಂಟ್ ಕನ್ಸೋಲಿಂದಲೇ ಬರುತ್ತೆ ಅಂದ್ಮೇಲೆ ಬ್ಯಾಟರಿ ಎಲ್ಲಿದೆ?”

ಬ್ಯಾಟರಿ ಇಲ್ಲ. ಇಪ್ಪತ್ತೆರಡನೇ ಅಧ್ಯಾಯ ಇಡೀ, ಮೂವತ್ತೊಂದು ಪುಟ, ಕ್ಲೈಮ್ಯಾಕ್ಸ್, ನಿಂತಿರೋದು ಮೂಗುದಾರದ ಬ್ಯಾಟರಿ ನಾಲ್ಕು ಪರ್ಸೆಂಟಿಗೆ ಇಳಿಯೋದ್ರ ಮೇಲೆ. ಇವತ್ತು ರಜೆ ಹಾಕಿದೀನಿ.